ರೇವಮ್ಮನ ಮನೆಯ ಕಾಫಿ

ಗುಬ್ಬಿಗೆ ವರ್ಗವಾಗಿ ಬಂದ ಮೊದಲ ವಾರವೇ ಎದುರುಮನೆಯ ನಿಂಗಮ್ಮ ನನಗೆ ಮೂರು ಬುದ್ಧಿಮಾತು ಹೇಳಿದಳು. ನಲ್ಲಿಯಲ್ಲಿ ನೀರು ಬಿಟ್ಟ ತಕ್ಷಣ ಹಿಡಿದುಕೊಳ್ಳಬೇಕು. ಚಪ್ಪಲಿ ಹೊರಗೆ ಬಿಡಬಾರದು. ಪಕ್ಕದ ಮನೆ ರೇವಮ್ಮ ಏನು ಕೊಟ್ಟರೂ ಬಾಯಿಗೆ ಹಾಕಬಾರದು.

"ಯಾಕೆ?" ಅಂದೆ.

"ಮದ್ದು ಇಕ್ತಾಳೆ ಕಣ್ ಸಿಸ್ಟ್ರೇ. ಸುಳ್ಳಲ್ಲ, ಬೀದಿಯೋರೆಲ್ಲ ಕಣ್ಣಾರೆ ನೋಡಿದೀವಿ."

"ಎಲ್ಲಿ ನೋಡಿದ್ರಿ?"

"ಟೆಂಟ್‌ನಾಗೆ. ಸಿನ್ಮಾದಲ್ಲಿ."

ನಾನು ಜೋರಾಗಿ ನಕ್ಕೆ. ಆಗ ನನಗೆ ಮೂವತ್ತೊಂದು ವರ್ಷ. ಕುಣಿಗಲ್‌ನವಳು, ತುಮಕೂರಿನಲ್ಲಿ ತರಬೇತಿ ಮುಗಿಸಿದ ಆರೋಗ್ಯ ಸಹಾಯಕಿ. ಮದ್ದು ಅಂದರೆ ಏನೆಂದು ನನಗೆ ಗೊತ್ತಿತ್ತು. ಯಾರೋ ಹೆಂಗಸು ಊಟದಲ್ಲೋ ಮಜ್ಜಿಗೆಯಲ್ಲೋ ಏನನ್ನೋ ಬೆರೆಸಿ ಕೊಡುತ್ತಾಳೆ, ತಿಂದವರು ಒಳಗೊಳಗೇ ಸೊರಗಿ ಸಾಯುತ್ತಾರೆ ಎನ್ನುವ ನಂಬಿಕೆ ನಮ್ಮ ಜಿಲ್ಲೆಯ ಮೂಲೆಮೂಲೆಯಲ್ಲೂ ಇದೆ. ಅದನ್ನು ಕಕ್ಕಿಸಿ ತೆಗೆಯುವ ಪಂಡಿತರೂ ಇದ್ದಾರೆ. ಚೇಳೂರಿನ ಕಡೆ ಹಳ್ಳಿಗಳಲ್ಲಿ ತಾಯಂದಿರನ್ನು ಕೂರಿಸಿಕೊಂಡು, ಇದೆಲ್ಲ ಸುಳ್ಳು, ಹೊಟ್ಟೆನೋವು ಬಂದರೆ ಆಸ್ಪತ್ರೆಗೆ ಬನ್ನಿ ಎಂದು ಗಂಟಲು ಹರಿದುಕೊಳ್ಳುವುದೇ ನನ್ನ ಕೆಲಸವಾಗಿತ್ತು.

ರೇವಮ್ಮ ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವರು. ಸಿನಿಮಾದಲ್ಲಿ ಮಾಡಿದ್ದು ಒಂದೇ ಒಂದು ಪಾತ್ರ, ಅರವತ್ತರ ದಶಕದ ಒಂದು ಕಪ್ಪು-ಬಿಳುಪು ಕೊಲೆ ಚಿತ್ರದಲ್ಲಿ. ಗಂಡನಿಗೆ ದಿನಾ ಸಂಜೆ ಕಷಾಯ ತಂದುಕೊಡುವ ಹೆಂಡತಿ. ಲೋಟ ಹಿಡಿದು ಮಹಡಿ ಹತ್ತಿ ಬರುತ್ತಾಳೆ, ಅರ್ಧ ಮುಖಕ್ಕೆ ಬೆಳಕು, ಅರ್ಧ ಕತ್ತಲೆ, ತುಟಿಯಲ್ಲಿ ಸಣ್ಣ ನಗು. ಗಂಡ ದಿನದಿನಕ್ಕೆ ಸೊರಗುತ್ತಾನೆ. ನಮ್ಮ ಬೀದಿಯ ಹೆಣ್ಣುಮಗಳ ಸಿನಿಮಾ ಎಂದು ಮೊದಲ ದಿನವೇ ಬೀದಿಯೆಲ್ಲ ಟೆಂಟಿಗೆ ಹೋಗಿದೆ. ಒಂದೇ ಪ್ರಿಂಟನ್ನು ಗುಬ್ಬಿಗೂ ಚೇಳೂರಿಗೂ ಹಂಚಿಕೊಂಡು ಓಡಿಸುತ್ತಿದ್ದ ಕಾಲ, ರೀಲಿನ ಡಬ್ಬಿಗಳು ಬಸ್ಸಿನಲ್ಲಿ ಬರುತ್ತಿದ್ದವು. ಅವತ್ತು ಕೊನೆಯ ಡಬ್ಬಿ ಬರಲೇ ಇಲ್ಲ. ಗಂಡ ಕಷಾಯ ಕುಡಿದು ಕುಸಿದುಬಿದ್ದಲ್ಲಿಗೆ ಆಟ ನಿಂತಿತು. ಒಂದು ಗಂಟೆ ಕಾದು ಜನ ಎದ್ದು ಬಂದರು. ಮಾರನೆಯ ದಿನ ಡಬ್ಬಿ ಬಂದಿತ್ತು. ಒಮ್ಮೆ ನೋಡಿದ ಸಿನಿಮಾಕ್ಕೆ ಮತ್ತೆ ಯಾರು ಹೋಗುತ್ತಾರೆ?

ಎರಡು ವರ್ಷ ಕಳೆದು ರೇವಮ್ಮನ ನಿಜವಾದ ಗಂಡ, ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದಾತ, ಕಾಮಾಲೆಯಾಗಿ ತೀರಿಕೊಂಡ. ಅಲ್ಲಿಗೆ ಬೀದಿಯ ತೀರ್ಪು ಮುಗಿಯಿತು. ಮುಂದಿನ ಮೂವತ್ತು ವರ್ಷ ಆ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿಯಲಿಲ್ಲ. ಯಾರೂ ಬೈಯುತ್ತಿರಲಿಲ್ಲ, ಮಾತು ಬಿಟ್ಟಿರಲಿಲ್ಲ. ಹಬ್ಬಕ್ಕೆ ರೇವಮ್ಮ ಕಡುಬು ಕಳಿಸಿದರೆ ನಗುನಗುತ್ತಾ ಇಸಿದುಕೊಂಡು ಹಿತ್ತಲಿನ ಹಸುವಿಗೆ ಹಾಕುತ್ತಿದ್ದರು. ಹಸುವಿಗೆ ಏನೂ ಆಗಲಿಲ್ಲ. ಅದನ್ನು ಮಾತ್ರ ಯಾರೂ ಗಮನಿಸಲಿಲ್ಲ. ನನ್ನ ಗೋಡೆಯ ಆಚೆ ರೇವಮ್ಮ ರೇಡಿಯೋ ಜೊತೆ ಮಾತಾಡುವುದು ಕೇಳುತ್ತಿತ್ತು. ವಾರ್ತೆ ಓದುವವರು ನಮಸ್ಕಾರ ಅಂದರೆ ಇವರೂ ನಮಸ್ಕಾರ ಅನ್ನುತ್ತಿದ್ದರು.

ನಾನು ಕುಡಿದೆನೇ ಎಂದು ಕೇಳಬೇಡಿ. ಅವರು ಕರೆದಾಗಲೆಲ್ಲ ಡ್ಯೂಟಿಗೆ ಹೊತ್ತಾಯಿತು ಅನ್ನುತ್ತಿದ್ದೆ.

1996ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ರೇವಮ್ಮ ಪೇಪರ್ ಹಿಡಿದು ಓಡಿಬಂದರು. ಅವರು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸಿಸ್ಟ್ರೇ, ಭಾನ್ವಾರ ಟಿವಿಯಾಗೆ ನಮ್ ಸಿನ್ಮಾ ಹಾಕ್ತಾರಂತೆ. ನಿಮ್ ಟಿವಿ ಒಂದಿನ ನಮ್ಮನೆ ಹಜಾರದಾಗೆ ಇಕ್ಕಣ? ಬೀದಿಯೋರೆಲ್ಲ ಕೂತ್ಕಂಡು ನೋಡ್ಲಿ. ಕೊನೆಗಂಟ ನೋಡ್ಲಿ."

ರೇಡಿಯೋ ರಿಪೇರಿಯ ಗುಲಾಮ್ ನಬಿ ಸಾಹೇಬರು ಬಂದು ಆಂಟೆನಾ ವೈರನ್ನು ಗೋಡೆ ದಾಟಿಸಿ ಕೊಟ್ಟರು. ರೇವಮ್ಮ ಮದುವೆಗೆ ಕರೆಯುವಂತೆ ಮನೆಮನೆಗೂ ಹೋಗಿ, ಹೊಸ್ತಿಲ ಆಚೆಯೇ ನಿಂತು ಕರೆದರು. ಸಿನಿಮಾ ಅಂದರೆ ಯಾರು ಬಿಡುತ್ತಾರೆ, ಹಜಾರ ತುಂಬಿತು.

ಈ ಸಲ ಕೊನೆಯ ರೀಲು ಬಂತು. ಆ ಗಂಡ ಎಷ್ಟೋ ವರ್ಷಗಳ ಹಿಂದೆ ಆಸ್ತಿಗಾಗಿ ತನ್ನ ಅಣ್ಣನಿಗೆ ವಿಷ ಹಾಕಿದ್ದವನು. ಆ ಪಾಪ ಅವನ ತಲೆ ಕೆಡಿಸಿದೆ, ಯಾರು ಏನು ಕೊಟ್ಟರೂ ಅವನಿಗೆ ಅದು ವಿಷವಾಗಿ ಕಾಣುತ್ತದೆ. ಅವನು ಸೊರಗಿದ್ದೂ ಕುಸಿದುಬಿದ್ದದ್ದೂ ಆ ಭಯದಿಂದಲೇ. ಪೊಲೀಸರು ಹೆಂಡತಿಯನ್ನು ಹಿಡಿಯಲು ಬಂದಾಗ ಅವಳು ಲೋಟದಲ್ಲಿ ಉಳಿದ ಕಷಾಯವನ್ನು ಎಲ್ಲರ ಎದುರು ಗಟಗಟ ಕುಡಿಯುತ್ತಾಳೆ. ಅವಳಿಗೆ ಏನೂ ಆಗುವುದಿಲ್ಲ. ಈಗ ಪೂರ್ತಿ ಮುಖಕ್ಕೆ ಬೆಳಕು.

ನಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ರೇವಮ್ಮನ ಕೈ ಹಿಡಿದಳು. "ಅಯ್ಯೋ ರೇವಕ್ಕ, ನೀನು ಏನೂ ಮಾಡಿರ್ಲಿಲ್ಲ ಕಣಕ್ಕ. ಎಂಥಾ ಮುಂಡೇಗಂಡ ಅವ್ನು!"

ರೇವಮ್ಮ ಕೈ ಬಿಡಿಸಿಕೊಂಡು ಎದ್ದರು. ಒಳಗೆ ಹೋದರು. ಹಾಲು, ಪುಡಿ ಎಲ್ಲ ಮೊದಲೇ ತಂದಿಟ್ಟಿದ್ದರು ಎಂದು ಕಾಣುತ್ತದೆ, ಹತ್ತೇ ನಿಮಿಷದಲ್ಲಿ ತಟ್ಟೆ ತುಂಬ ಕಾಫಿ ಲೋಟ ಜೋಡಿಸಿಕೊಂಡು ಬಂದರು. ಮುಖದಲ್ಲಿ ಎಳೆ ಮದುವಣಗಿತ್ತಿಯ ನಾಚಿಕೆ.

ನಿಂಗಮ್ಮ ಮೊದಲು ಎದ್ದಳು. "ಒಲೆ ಮೇಲೆ ಸಾರಿಟ್ಟು ಬಂದಿದೀನಿ." ಇನ್ನೊಬ್ಬಳಿಗೆ ಪಿತ್ತ, ಮತ್ತೊಬ್ಬಳಿಗೆ ಸಕ್ಕರೆ ಕಾಯಿಲೆ. ನಬಿ ಸಾಹೇಬರು "ರಂಜಾನ್ ರೋಜಾ ಇದೀನಿ ತಾಯಿ, ಇಲ್ದಿದ್ರೆ ಕುಡೀತಿದ್ದೆ" ಅಂದರು. ಅಲ್ಲಿ ಹೇಳಿದ ಕಾರಣಗಳಲ್ಲಿ ಅದೊಂದೇ ನಿಜ. ಹಜಾರ ಖಾಲಿಯಾಯಿತು.

ಉಳಿದವಳು ನಾನು. ತಟ್ಟೆ ನನ್ನ ಮುಂದೆ ಬಂತು. ಲೋಟ ತೆಗೆದುಕೊಂಡೆ. ತುಂಬಾ ಬಿಸಿ, ಆರಲಿ ಅಂದೆ. ಅವರು ಟಿವಿಯ ಮೇಲೆ ಬಟ್ಟೆ ಹೊದಿಸಲು ತಿರುಗಿದಾಗ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಬುಡಕ್ಕೆ ಸುರಿದೆ. ತಿರುಗಿ ನೋಡಿದರೆ ಬಾಗಿಲಲ್ಲಿ ರೇವಮ್ಮ. ಕೈ ಚಾಚಿ ಖಾಲಿ ಲೋಟ ಇಸಿದುಕೊಂಡು, ತೊಳೆದು, ಕವುಚಿ ಇಟ್ಟರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮೂರು ವರ್ಷದ ಮೇಲೆ ಕುಣಿಗಲ್‌ಗೆ ವರ್ಗ ಸಿಕ್ಕಿತು. ಹಳ್ಳಿಗಳಲ್ಲಿ ಮದ್ದಿನ ಮಾತು ಬಂದಾಗ ನನ್ನ ಭಾಷಣ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಾಚಿಕೆಯಾಗುತ್ತಿತ್ತು ನನಗೆ. 2004ರಲ್ಲಿ ಒಂದು ದಿನ ರಜೆ ಹಾಕಿ ಗುಬ್ಬಿಗೆ ಹೋದೆ, ಆ ಕಾಫಿ ಕುಡಿದೇ ಬರಬೇಕೆಂದು.

ರೇವಮ್ಮ ಇನ್ನಷ್ಟು ಸಣ್ಣಗಾಗಿದ್ದರು. ಗುರುತು ಹಿಡಿದು ಚಾಪೆ ಹಾಸಿದರು.

"ರೇವಮ್ಮನೋರೇ, ಅವತ್ತು ನಾನು ದೊಡ್ಡ ತಪ್ಪು ಮಾಡ್ದೆ. ಇವತ್ತು ನಿಮ್ಮ ಕೈಲಿ ಕಾಫಿ ಕುಡಿಯೋಕೇ ಬಂದಿದೀನಿ."

"ಅದೆಲ್ಲ ಹಳೇದು ಬುಡಿ ಸಿಸ್ಟ್ರೇ," ಎಂದು ಒಳಗೆ ಹೋದರು. ಸ್ಟೌ ಹತ್ತಿಸಿದ ಸದ್ದು ಕೇಳಿತು, ಹಾಲು ಕಾಯುವ ವಾಸನೆ ಬಂತು. ಕಾದೆ. ಎಷ್ಟು ಹೊತ್ತಾದರೂ ಅವರು ಬರಲಿಲ್ಲ. ಎದ್ದು ಹೋಗಿ ಇಣುಕಿದೆ.

ಕಾಫಿ ಆಗಿತ್ತು. ರೇವಮ್ಮ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದರು. ಒಂದು ಗುಟುಕು ಕುಡಿದರು. ನಿಂತರು. ಇನ್ನೊಂದು ಗುಟುಕು ಕುಡಿದು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಇಡೀ ಲೋಟವನ್ನು ಬಚ್ಚಲಿಗೆ ಚೆಲ್ಲಿದರು.

"ಯಾಕಮ್ಮ ಚೆಲ್ಲಿದ್ರಿ?"

"ಬ್ಯಾಡ ಸಿಸ್ಟ್ರೇ. ಮಕ್ಕಳೊಂದಿಗಳು ನೀವು. ಏನಾರ ಆಗ್ಬುಟ್ರೆ?"

"ಏನಾಗತ್ತೆ? ಹಾಲು ನಿಮ್ಮದೇ, ಪುಡಿ ನಿಮ್ಮದೇ. ನೀವೇ ತಾನೆ ಮಾಡಿದ್ದು?"

"ಹೂಂ. ನಾನೇ ಮಾಡಿದ್ದು," ಅಂದರು ರೇವಮ್ಮ. "ಅದಕ್ಕೇ."

ಪಾತ್ರೆಯಲ್ಲಿ ಇನ್ನೂ ಸ್ವಲ್ಪ ಕಾಫಿ ಇತ್ತು. ಕೈ ಹಾಕಿದೆ. ಅವರು ಪಾತ್ರೆಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು ಹಿಂದಕ್ಕೆ ಸರಿದರು.

"ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲದೆ," ಅಂದರು. "ಅಲ್ಲಿ ಕುಡ್ಕಂಡು ಹೋಗಿ."