ಕೊನೆಯ ಫಟಫಟಿ ಯಾವುದು?

ನಿವೃತ್ತನಾದ ಮೇಲೆ ನಾನು ಕಂಡವರ ಕೊಟ್ಟಿಗೆಯೊಳಗೆ ಇಣುಕುವ ರೀತಿ ಮರ್ಯಾದಸ್ಥರ ರೀತಿಯಲ್ಲ ಎಂದು ನನ್ನ ಹೆಂಡತಿ ಶಕುಂತಲಾ ಹೇಳುತ್ತಾಳೆ. ಅವಳ ಮಾತು ಸುಳ್ಳೇನಲ್ಲ. ನೌಕರಿಯ ಉದ್ದಕ್ಕೂ ನಾನು ದನದ ಡಾಕ್ಟರು. ಚಿತ್ತಾಪುರ, ಸೇಡಂ, ಚಿಂಚೋಳಿ ತಾಲೂಕುಗಳಲ್ಲಿ ಯಾರ ಕೊಟ್ಟಿಗೆಗಾದರೂ ಕೇಳದೆ ನುಗ್ಗುವ ಹಕ್ಕು ನನಗಿತ್ತು. ಈಗಲೂ ನುಗ್ಗುತ್ತೇನೆ, ಆದರೆ ನೋಡುವುದು ಎಮ್ಮೆಯನ್ನಲ್ಲ. ಎಮ್ಮೆಯ ಹಿಂದೆ, ಹೊಟ್ಟಿನ ಚೀಲಗಳ ಸಂದಿಯಲ್ಲಿ, ಗೋಡೆಗೆ ಒರಗಿಸಿಟ್ಟು ಮನೆಯವರೇ ಮರೆತುಬಿಟ್ಟ ಹಳೆಯ ಮೋಟರ್‌ಸೈಕಲ್ಲನ್ನು. ನಮ್ಮ ಕಡೆಯ ಹಿರಿಯರ ಬಾಯಲ್ಲಿ ಅದು ಇನ್ನೂ ಫಟಫಟಿಯೇ. ಯಾವ ಕಂಪನಿ ಇಟ್ಟ ಹೆಸರಿಗಿಂತಲೂ ಅದೇ ಸರಿಯಾದ ಹೆಸರು ಎಂದು ನನ್ನ ಅಭಿಪ್ರಾಯ.

ಇದುವರೆಗೆ ಎರಡು ಫಟಫಟಿಗಳಿಗೆ ಜೀವ ಕೊಟ್ಟಿದ್ದೇನೆ. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹಿಂದೆ ಸಿಕ್ಕ ಜಾವಾ ಮೊದಲನೆಯದು. ಅದನ್ನು ನನ್ನ ಅಳಿಯ ಒಯ್ದು ಗೆಳೆಯರ ಮದುವೆಯ ಮೆರವಣಿಗೆಗಳಲ್ಲಿ ಮೆರೆಸುತ್ತಿದ್ದಾನೆ. ಎರಡನೆಯದು ಚಿತ್ತಾಪುರದ ಯೆಜ್ಡಿ. ಕಿಕ್ ಹೊಡೆಯುವ ಸಲಾಕೆಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರಾಗುತ್ತದೆಯಲ್ಲ, ಆ ಮಿತವ್ಯಯಕ್ಕೆ ಮನಸೋತು ತಂದದ್ದು. ಅದು ಸೇಡಮ್ಮಿನ ನಮ್ಮ ಮನೆಯ ಅಂಗಳದಲ್ಲಿ ಹೊಳೆಯುತ್ತ ನಿಂತಿದೆ. ಹೊಳೆಯುವುದೇ ಅದರ ಮುಖ್ಯ ಕೆಲಸ. ಹಿತ್ತಲ ಫರ್ಸಿ ಕಲ್ಲಿನ ಶೆಡ್ಡಿನಲ್ಲಿ ಇನ್ನೊಂದಕ್ಕೆ ಜಾಗ ಖಾಲಿ ಇದೆ.

ಜಾಗವೇನೋ ಇದೆ, ಮೊಣಕಾಲು ಇಲ್ಲ. ಹಿಂದೆ ರಾವೂರಿನ ಒಂದು ಎಮ್ಮೆ ನನ್ನ ಚಿಕಿತ್ಸೆಯ ಬಗ್ಗೆ ತನ್ನ ಅಭಿಪ್ರಾಯವನ್ನು ಬಲ ಮೊಣಕಾಲಿಗೆ ತಿಳಿಸಿತ್ತು. ಈಗ ವಯಸ್ಸೂ ಆ ಎಮ್ಮೆಯ ಪಕ್ಷ ಸೇರಿದೆ. ಮನುಷ್ಯರ ಡಾಕ್ಟರು ಎಕ್ಸ್‌ರೇ ನೋಡಿ, ಇನ್ನು ಕಿಕ್ ಹೊಡೆಯುವ ಚಟ ಬಿಡಬೇಕು ಎಂದರು. ನಾನು ಬೇಡಿಕೊಂಡ ಮೇಲೆ, ಇದೊಂದು ಆಗಲಿ, ಆಮೇಲೆ ಮುಗಿಯಿತು ಎಂದು ಒಪ್ಪಿದರು. ಹೀಗೆ ಮೂರನೆಯದೇ ಕೊನೆಯದು ಎಂದಾಯಿತು. ಕೊನೆಯದು ಎಂದ ಕೂಡಲೆ ಆರಿಸುವುದು ಎಷ್ಟು ಕಷ್ಟವಾಗುತ್ತದೆ ನೋಡಿ. ತಪ್ಪು ಗಾಡಿ ತಂದರೆ ತಿದ್ದಿಕೊಳ್ಳಲು ಇನ್ನೊಂದು ಗಾಡಿ ಇರುವುದಿಲ್ಲ. ನಾಲ್ಕು ತಿಂಗಳಿಂದ ನಿದ್ದೆಯಲ್ಲೂ ನನಗೆ ಇದೇ ಚಿಂತೆ.

ಆರಿಸುವ ವಿದ್ಯೆ ನನಗೆ ಗೊತ್ತಿಲ್ಲವೆಂದಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವವರಿಗೆ ಹಲ್ಲು ನೋಡಿ ವಯಸ್ಸು ಹೇಳಿದವನು ನಾನು. ಗಾಡಿಯಲ್ಲೂ ಮೊದಲು ಚೈನಿನ ಚಕ್ರದ ಹಲ್ಲು ನೋಡುತ್ತೇನೆ. ಆಮೇಲೆ ಟ್ಯಾಂಕಿಗೆ ಕಿವಿ ಹಚ್ಚಿ ಬೆರಳಿನಿಂದ ಬಡಿಯುತ್ತೇನೆ. ಹೊಟ್ಟೆಯುಬ್ಬರದ ಎಮ್ಮೆಗೆ ಮಾಡುತ್ತಿದ್ದ ಪರೀಕ್ಷೆಯೇ ಇದು, ಫಲಿತಾಂಶ ಮಾತ್ರ ತುಕ್ಕು. ನೋಡಿದವರು ಡಾಕ್ಟರಿಗೆ ಅರಳುಮರಳು ಎಂದುಕೊಂಡು ಚಹಾ ತರಿಸುತ್ತಾರೆ.

ನಿಜ ಹೇಳಬೇಕೆಂದರೆ ಮನಸ್ಸು ಎಂದೋ ಆರಿಸಿಬಿಟ್ಟಿತ್ತು. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಮಾಡಿಸುವ ಖಾಜಾಸಾಬರ ತಗಡಿನ ಛಪ್ಪರದ ಕೆಳಗೆ ಒಂದು ಹಳೆಯ ಬುಲೆಟ್ ಇದೆ. ಕಾಲೇಜಿನ ದಿನಗಳಿಂದ ನಾನು ಆಸೆಪಟ್ಟ ಜಾತಿ. ಅಲ್ಲಿ ಕಲ್ಲಿನ ಪುಡಿ ಮನುಷ್ಯರ ಹುಬ್ಬನ್ನೂ ಬಿಡುವುದಿಲ್ಲ, ಬುಲೆಟ್ಟನ್ನು ಬಿಡುತ್ತದೆಯೇ? ಖಾಜಾಸಾಬರು ಹೆಗಲ ಮೇಲಿನ ವಸ್ತ್ರ ತೆಗೆದು ಟ್ಯಾಂಕನ್ನು ಒಂದು ಸಲ ಒರೆಸಿದರು. ಬೂದಿ ಬಣ್ಣದ ಕೆಳಗಿಂದ ಅಚ್ಚ ಕಪ್ಪು ಹೊರಬಿತ್ತು. ನಾನು ಬಗ್ಗಿ ಟ್ಯಾಂಕಿಗೆ ಕಿವಿ ಹಚ್ಚಿದೆ.

“ಅರೆ ಡಾಕ್ಟರ್ ಸಾಬ್, ಇದು ಗಾಡಿ ಅಲ್ರಿ, ಶೇರ್ ಅದ ಶೇರ್, ಸಿಂಹ. ಹೈದರಾಬಾದ್ ಪಾರ್ಟಿ ಕೇಳಾಕತ್ತಾರ. ನಿಮ್ಮ ಸಲುವಾಗಿ ಶುಕ್ರವಾರ ತನಕ ಇಟ್ಟಿರ್ತೀನಿ. ಅದರ ಮ್ಯಾಗ ನನಗ ಅನಬ್ಯಾಡ್ರಿ” ಎಂದರು ಖಾಜಾಸಾಬರು.

ಮನೆಗೆ ಬಂದು ಹೆಂಡತಿಯನ್ನು ಒಲಿಸಬೇಕಿತ್ತು. ನೇರ ಮಾತಾಡಿದರೆ ಸೋಲುತ್ತೇನೆಂದು ಪುರಾತನ ಕಾಲಕ್ಕೆ ಹೋದೆ. ನನ್ನಪ್ಪ ರಾವೂರಿನ ಕಲ್ಲಿನ ಗಣಿಯಲ್ಲಿ ಕೆಲಸ ಮಾಡುತ್ತಿದ್ದವನು. ಬುದ್ಧಪೂರ್ಣಿಮೆಯ ದಿನ ಕೇರಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಸಿದ್ಧಾರ್ಥ ಮನೆ ಬಿಟ್ಟ ಕತೆ ಹೇಳುತ್ತಿದ್ದ. ಆ ಕತೆಯಲ್ಲಿ ನನಗೆ ಯಾವಾಗಲೂ ಹಿಡಿಸಿದ್ದು ಕಂಥಕ ಎಂಬ ಕುದುರೆ. ರಾಜಕುಮಾರನನ್ನು ಹೊತ್ತು ರಾತ್ರೋರಾತ್ರಿ ನದಿ ದಾಟಿಸಿದ ಕುದುರೆ, ಅವನು ಬೀಳ್ಕೊಟ್ಟ ಮೇಲೆ ಎದೆಯೊಡೆದು ಸತ್ತಿತಂತೆ. ಡಾಕ್ಟರನಾಗಿ ನಾನಿದನ್ನು ನಂಬಬಾರದು, ನಮ್ಮ ಮರಣೋತ್ತರ ವರದಿಯಲ್ಲಿ ಅಂಥ ಕಾರಣ ಬರೆಯಲು ಜಾಗವೇ ಇರಲಿಲ್ಲ. ಆದರೆ ಓಡಿಸುವವನು ಹೋದ ಮೇಲೆ ಮೂಲೆಯಲ್ಲಿ ತುಕ್ಕು ಹಿಡಿಯುವ ಗಾಡಿಗಳನ್ನು ಕಂಡಾಗಲೆಲ್ಲ ಕಂಥಕ ನೆನಪಾಗುತ್ತದೆ. ಇದನ್ನೆಲ್ಲ ಶಕುಂತಲಾಗೆ ಕರುಣಾರಸ ಬೆರೆಸಿ ಹೇಳಿದೆ. ಸಾರಥಿ ಚನ್ನ ಕುದುರೆಯ ಬಾಲ ಹಿಡಿದುಕೊಂಡೇ ಜೊತೆಗೆ ಹೋದನೆಂಬುದನ್ನೂ ಬಿಡಲಿಲ್ಲ.

ಅವಳು ಮೆಂತ್ಯೆ ಸೊಪ್ಪು ಬಿಡಿಸುತ್ತ ಪೂರ್ತಿ ಕೇಳಿದಳು. ಆಮೇಲೆ, “ಚನ್ನಗಾದ್ರೂ ಹಿಡೀಲಿಕ್ಕಿ ಬಾಲ ಇತ್ತು. ಯಶೋಧರಾಗ ಹಿಂದ ಸೀಟೇ ಇರ್ಲಿಲ್ಲ ನೋಡ್ರಿ” ಎಂದಳು.

ಬಾಣ ಎಲ್ಲಿಗೆ ಬಂತೆಂದು ತಿಳಿಯದಷ್ಟು ದಡ್ಡ ನಾನಲ್ಲ. ಅಂಗಳದ ಯೆಜ್ಡಿಯ ಮೇಲೆ ಅವಳು ಒಮ್ಮೆಯೂ ಕೂತಿಲ್ಲ. ಅದನ್ನು ತಂದಾಗ ಹಿಂದಿನ ಗಾಲಿಯ ಎಡಗಡೆ ಸೀರಿ ಗಾರ್ಡ್ ಇತ್ತು. ಸೆರಗು, ನಿರಿಗೆ ಗಾಲಿಗೆ ಸಿಗದಂತೆ ಹಾಕುವ ಕಬ್ಬಿಣದ ಜಾಳಿಗೆ ಅದು, ಅದರ ಕೆಳಗೆ ಪಾದ ಊರಲು ಒಂದು ಪಟ್ಟಿ. ಗಾಡಿ ಹುಟ್ಟುವಾಗ ಹೇಗಿತ್ತೋ ಹಾಗೇ ಇರಬೇಕೆಂಬ ಶಾಸ್ತ್ರ ಪಾಲಿಸುವ ನಾವು ಹಳೆ ಗಾಡಿಯ ಹುಚ್ಚರು ಮೊದಲು ಬಿಚ್ಚಿ ಎಸೆಯುವುದೇ ಅದನ್ನು. ಕಾರ್ಖಾನೆಯ ಚಿತ್ರದಲ್ಲಿ ಸೀರೆ ಉಟ್ಟವರು ಇರುವುದಿಲ್ಲ.

ನಮ್ಮ ಮದುವೆಯಾದ ಹೊಸದರಲ್ಲಿ ಚಿಂಚೋಳಿಗೆ ವರ್ಗವಾಗಿತ್ತು. ಆಗ ನನ್ನ ಬಳಿ ಇದ್ದದ್ದು ಒಂದು ರಾಜದೂತ ಗಾಡಿ. ಅದರ ಸಪ್ಪಳ ಊರ ಹೊರಗಿನ ಹೊಲ ದಾಟುವಷ್ಟರಲ್ಲೇ ಜನ ದನಗಳನ್ನು ಹೊರಗೆ ತಂದು ಕಟ್ಟುತ್ತಿದ್ದರು. ದನಗಳೂ ಆ ಸಪ್ಪಳ ಕಲಿತಿದ್ದವು, ಸೂಜಿ ಬಂತೆಂದು ಕಣ್ಣಿ ಹರಿದುಕೊಂಡು ಓಡುತ್ತಿದ್ದವು. ರಜೆಯ ದಿನ ಶಕುಂತಲಾಳನ್ನು ಹಿಂದೆ ಕೂಡಿಸಿಕೊಂಡು ಹೋಗುತ್ತಿದ್ದೆ. ಐನಾಪುರದ ಹತ್ತಿರ ಒಮ್ಮೆ ಅವಳ ಇಳಕಲ್ ಸೀರೆಯ ಸೆರಗು ಚೈನಿಗೆ ಸಿಕ್ಕು ಹರಿದ ಮೇಲೆ ನಾನೇ ಸೀರಿ ಗಾರ್ಡ್ ಹಾಕಿಸಿದ್ದೆ. ಎರಡೂ ಕಡೆ ತೊಗರಿ ಹೂ ಬಿಟ್ಟು ಹಳದಿಯಾದ ಹೊಲಗಳು, ಆಮೇಲೆ ಕಾಡು, ಒಂದು ತಿರುವು ದಾಟಿದೊಡನೆ ಎದುರಿಗೆ ತಟ್ಟನೆ ತೆರೆದುಕೊಳ್ಳುವ ಚಂದ್ರಂಪಳ್ಳಿ ಕೆರೆ. ಆ ತಿರುವಿನಲ್ಲಿ ನಾನು ತಪ್ಪದೆ “ನೋಡಿದೇನು?” ಎಂದು ಕೂಗುತ್ತಿದ್ದೆ, ಅವಳು ಹಿಂದಿನಿಂದ “ಹೂಂ” ಎನ್ನುತ್ತಿದ್ದಳು. ಇವತ್ತಿಗೂ ಆ ಕೆರೆಯ ಮಾತು ತೆಗೆದು “ನೆನಪದ ಏನು?” ಎಂದರೆ “ಹೂಂ” ಎನ್ನುತ್ತಾಳೆ. ನನ್ನ ಆಯುಷ್ಯದಲ್ಲಿ ಅದಕ್ಕಿಂತ ಸುಖದ ಕಾಲ ಇನ್ನೊಂದಿಲ್ಲ.

ಆ ರಾಜದೂತ ಯಾವಾಗಲೋ ಕೈಬಿಟ್ಟು ಹೋಯಿತು. ಆದರೆ ಚಿಂಚೋಳಿ ಕಡೆಯ ಕೊಡ್ಲಿ ಎಂಬ ಊರಲ್ಲಿ ಶರಣಮ್ಮ ಎಂಬವರ ಕೊಟ್ಟಿಗೆಯಲ್ಲಿ ಒಂದು ರಾಜದೂತ ಇದೆಯೆಂದು ಸುದ್ದಿ ಬಂದಿತ್ತು. ಶುಕ್ರವಾರಕ್ಕೆ ಮೊದಲು ನೋಡಿಬಿಡೋಣ ಎಂದು ಹೊರಟೆ. ನೋಡಿ ಬೇಡವೆಂದರೆ ಬುಲೆಟ್ ತರಲು ಮನಸ್ಸಾಕ್ಷಿ ಒಪ್ಪುತ್ತದೆ ಎಂಬ ಲೆಕ್ಕ ಒಳಗೊಳಗೇ ಇತ್ತು. “ಆ ಹಾದಿ ನೋಡಿ ಭಾಳ ದಿನ ಆಯ್ತು, ನಾನೂ ಬರ್ತೀನಿ” ಎಂದು ಶಕುಂತಲಾಳೂ ಹೊರಟಳು. ಬಸ್ಸಿನಲ್ಲಿ ಹಿಂದೆ ನೆರಳಿನ ಸೀಟು ಖಾಲಿ ಇದ್ದರೂ, ಬಿಸಿಲು ಬಡಿಯುವ ಮುಂದಿನ ಗಾಜಿನ ಎದುರೇ ಹೋಗಿ ಕೂತಳು. ವಾಂತಿಯ ಭಯವಿರಬೇಕು ಎಂದುಕೊಂಡೆ.

ಶರಣಮ್ಮ ನಮ್ಮ ವಯಸ್ಸಿನವರೇ. ಗಂಡ ಲೈನ್‌ಮನ್ ಆಗಿದ್ದವರು, ತೀರಿಕೊಂಡು ಬಹಳ ಕಾಲವಾಗಿದೆ. “ಬರ್ರಿ ಡಾಕ್ಟರ್ ಸಾಬ್ರ, ಕುಂದ್ರಿ ಅಕ್ಕಾ. ಗಾಡಿ ಒಯ್ರಿ ಒಮ್ಮಿ. ಎಮ್ಮಿ ಕರು ಹಾಕ್ಯಾದ, ಕಟ್ಲಿಕ್ಕಿ ಜಾಗ ಇಲ್ಲ” ಎಂದರು. ಸೀಟಿನ ಮೇಲೆ ಮೊಟ್ಟೆಯಿಟ್ಟು ಕೂತಿದ್ದ ಕೋಳಿಯನ್ನು ಎಬ್ಬಿಸಿ ಒಳಗೆ ಬಿಟ್ಟರು. ಇದು ನನ್ನದೇ ಹಳೆಯ ಗಾಡಿಯಾಗಿರಬಹುದೇ ಎಂದು ಆಸೆಯಿಂದ ಎಂಜಿನ್ನಿನ ನಂಬರು ಒರೆಸಿ ನೋಡಿದೆ. ಅಲ್ಲ. ಅಂಥದ್ದು ಕತೆಗಳಲ್ಲಿ ಮಾತ್ರ ಆಗುತ್ತದೆ. ಟೈರುಗಳು ಮಣ್ಣಾಗಿದ್ದವು, ಟ್ಯಾಂಕಿನಲ್ಲಿ ತೂತುಗಳಿದ್ದವು. ಆದರೆ ಹಿಂದಿನ ಗಾಲಿಯ ಎಡಗಡೆ ತುಕ್ಕು ಹಿಡಿದ ಸೀರಿ ಗಾರ್ಡ್ ಒಂದು ತಂತಿಯೂ ಮುರಿಯದೆ ಇತ್ತು.

ಅದನ್ನು ಕಂಡು ನನ್ನ ಕಣ್ಣು ಒದ್ದೆಯಾಯಿತು ಎಂದರೆ ನಗಬೇಡಿ. ಬುಲೆಟ್ಟಿನ ಆಸೆ ಆ ಕ್ಷಣಕ್ಕೆ ನಿಜವಾಗಿಯೂ ಬಿದ್ದುಹೋಯಿತು. ಎದ್ದು ನಿಂತು, ಸಭೆಯಲ್ಲಿ ದಾನ ಘೋಷಿಸುವವನ ಧಾಟಿಯಲ್ಲಿ ಹೆಂಡತಿಗೆ ಹೇಳಿದೆ: “ಇದೇ ಇರ್ಲಿ. ಕೊನೀದು ಇದೇ. ಈ ಸೀರಿ ಗಾರ್ಡ್ ಬಿಚ್ಚಂಗಿಲ್ಲ. ನೀ ಮೊದಲಿನಂಗ ಹಿಂದ ಕೂಡು.”

ಅವಳ ಕಣ್ಣೂ ಒದ್ದೆಯಾಗುತ್ತದೆಂದು ಕಾದೆ. ಅವಳು, “ಯಾರು, ನಾನಾ? ಮತ್ತ ಹಂಗೇ ಅಡ್ಡ ಕುಂತಾ?” ಎಂದಳು.

ಶರಣಮ್ಮ ಸೆರಗು ಬಾಯಿಗಿಟ್ಟು ನಕ್ಕರು. “ನಾ ನಮ್ಮವರ ಹಿಂದ ಹಂಗೇ ಕುಂತು ಗುಲಬರ್ಗಾ ತನಕ ಹೋಗೀನ್ರಿ ಅಕ್ಕಾ. ಊರು ಬಂತು ಅಂಬೋದು ಊರು ದಾಟಿದ ಮ್ಯಾಲ ಗೊತ್ತಾಗ್ತಿತ್ತು.”

“ಖರೇ ಹೇಳ್ದಿರಿ ನೋಡ್ರಿ” ಎಂದಳು ಶಕುಂತಲಾ. “ಮುಂದ ನೋಡಿದ್ರ ಇವರ ಬೆನ್ನು. ಬಾಜೂಕ ನೋಡಿದ್ರ ಎಲ್ಲಾ ಹಿಂದಕ್ಕ ಓಡೋದೇ. ಎದುರಿಗಿ ಬರೋದು ನಾ ಒಂದೂ ನೋಡಿಲ್ಲ. ಗಿಡಾ, ಮನಿ, ಮಂದಿ, ಎಲ್ಲಾ ಹೋಗೋದೇ ನೋಡೀನಿ.”

“ಮತ್ತ ಕೆರಿ? ಚಂದ್ರಂಪಳ್ಳಿ ಕೆರಿ ನೋಡಿ ಹೂಂ ಅಂತಿದ್ದೆಲ್ಲ?” ಎಂದೆ.

“ನೀವು ಅಷ್ಟು ಖುಷಿಲಿಂದ ಕೇಳ್ತಿದ್ರಿ. ಇಲ್ಲ ಅನ್ಲಿಕ್ಕಿ ಮನಸ್ಸು ಬರ್ತಿರ್ಲಿಲ್ಲ.”

ನಾನು ಹೊಟ್ಟಿನ ಚೀಲದ ಮೇಲೆ ಕೂತೆ. ನನಗೆ ಬಹಳ ಕೆಡುಕೆನಿಸಿತು. ಇಷ್ಟು ವರ್ಷ ನಮ್ಮಿಬ್ಬರದೂ ಒಂದೇ ಹಾದಿಯ ನೆನಪು ಎಂದು ತಿಳಿದಿದ್ದೆ. ಒಂದೇ ಗಾಡಿ, ಒಂದೇ ಹಾದಿ ನಿಜ. ಆದರೆ ನನ್ನ ನೆನಪೆಲ್ಲ ಎದುರಿಗೆ ಬಂದದ್ದು, ಅವಳದೆಲ್ಲ ಪಕ್ಕದಿಂದ ಸರಿದು ಹೋದದ್ದು. ಆ ಕೆರೆಯ ಸುಖವನ್ನು ಇಬ್ಬರ ಹೆಸರಿನಲ್ಲೂ ನಾನೊಬ್ಬನೇ ಅನುಭವಿಸಿದ್ದೆ. ಹಳೆಯದನ್ನು ಇದ್ದ ಹಾಗೇ ಮತ್ತೆ ಕಟ್ಟುವುದೇ ದೊಡ್ಡ ಕೆಲಸ ಎಂದು ಹೆಮ್ಮೆಪಡುವವನಿಗೆ, ಅದು ಇದ್ದ ಹಾಗೆ ಯಾರಿಗೆ ಎಷ್ಟು ಚೆನ್ನಾಗಿತ್ತು ಎಂದು ಕೇಳಬೇಕೆಂದು ಹೊಳೆದಿರಲೇ ಇಲ್ಲ.

“ಆ ಜಾಳಿಗಿ ಬಿಚ್ಚಿ ಒಗೀರಿ” ಎಂದಳು ಶಕುಂತಲಾ. “ಎರಡೂ ಕಡಿ ಕಾಲು ಹಾಕ್ಕೊಂಡು ಕೂಡ್ತೀನಿ ನಾ.”

“ಸೀರಿ ಉಟ್ಟಾ?” ಎಂದು ಶರಣಮ್ಮ ಕಣ್ಣರಳಿಸಿದರು.

“ಚೂಡಿದಾರ ಹೊಲಿಸ್ಕೋತೀನಿ ಬಿಡ್ರಿ. ಯಾರು ಬ್ಯಾಡ ಅಂತಾರ?”

ಯಾರೂ ಬೇಡ ಅನ್ನಲಿಲ್ಲ. ಖಾಜಾಸಾಬರಿಗೆ ಅಲ್ಲಿಂದಲೇ ಫೋನು ಮಾಡಿ, ಹೈದರಾಬಾದಿನವರಿಗೆ ಕೊಟ್ಟುಬಿಡಿ ಎಂದೆ. “ತೌಬಾ ತೌಬಾ, ಶೇರ್ ಬಿಟ್ಟು ಆಡು ಹಿಡದ್ರ್ಯಾ ಡಾಕ್ಟರ್ ಸಾಬ್?” ಎಂದು ಅವರು ಮರುಗಿದರು. ಎದೆಯಲ್ಲಿ ಒಂದು ಸಣ್ಣ ನೋವು ಎದ್ದದ್ದು ಸುಳ್ಳಲ್ಲ. ಅಚ್ಚ ಕಪ್ಪು ಟ್ಯಾಂಕು ಈಗಲೂ ಆಗಾಗ ಕಣ್ಣ ಮುಂದೆ ಬರುತ್ತದೆ.

ಗಾಡಿಯನ್ನು ಎಳೆದು ಅಂಗಳಕ್ಕೆ ತಂದು ಸ್ಟ್ಯಾಂಡ್ ಹಾಕಿ ನಿಲ್ಲಿಸಿದೆವು. ನಾನು ಹೆಡ್‌ಲೈಟಿನ ಮುಂದೆ ನಿಂತು ಅದಕ್ಕೆ ಕಟ್ಟಿದ್ದ ಜೇಡರಬಲೆಯನ್ನು ಬಿಡಿಸುತ್ತಿದ್ದೆ. ತಲೆಯೆತ್ತಿ ನೋಡುತ್ತೇನೆ, ಶಕುಂತಲಾ ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ಎರಡೂ ಕಡೆ ಕಾಲು ಹಾಕಿ ಹಿಂದಿನ ಸೀಟಿನಲ್ಲಿ ಕೂತಿದ್ದಾಳೆ. “ನನ್ನ ಗಾಡಿ, ನಾ ಒಮ್ಮಿನೂ ಮುಂದ ಕುಂತಿಲ್ಲ” ಎನ್ನುತ್ತ ಶರಣಮ್ಮನೂ ಹತ್ತಿ ಹ್ಯಾಂಡಲ್ ಹಿಡಿದರು. ಎಂಜಿನ್ನಿನಲ್ಲಿ ಉಸಿರಿಲ್ಲ, ಗಾಲಿಯಲ್ಲಿ ಗಾಳಿಯಿಲ್ಲ. ಇಬ್ಬರೂ ಬೆನ್ನು ನೆಟ್ಟಗೆ ಮಾಡಿ, ಜಾತ್ರೆಯ ಫೋಟೊಗೆ ಕೂತವರಂತೆ ಗಂಭೀರವಾಗಿ ಮುಂದೆ ನೋಡತೊಡಗಿದರು.

ನನಗೆ ಹಳೆಯ ಉತ್ಸಾಹ ಉಕ್ಕಿತು. “ಏನು ಕಾಣ್ತದ?” ಎಂದು ಕೂಗಿದೆ.

ಶಕುಂತಲಾ ಶರಣಮ್ಮನ ಹೆಗಲ ಮೇಲಿನಿಂದ ಕತ್ತು ಚಾಚಿ ನನ್ನ ಕಡೆಗೇ ನೋಡಿದಳು.

“ಜರಾ ಬಾಜೂಕ ಸರೀರಿ” ಎಂದಳು. “ನೀವೇ ಅಡ್ಡ ನಿಂತೀರಿ.”