ಹುಳುಮನೆಯ ಡೀಲರ್

ಮಂಚೇನಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿರುವ ಊರಿನ ನರಸಿಂಹಪ್ಪನವರಿಗೆ ಇಬ್ಬರು ಗಂಡುಮಕ್ಕಳು. ಊರವರು ಅವರನ್ನು ಮೇಷ್ಟ್ರು, ಮೇಷ್ಟ್ರ ತಮ್ಮ ಎಂದು ಕರೆಯುತ್ತಿದ್ದರು. ದೊಡ್ಡವನು ರಮೇಶ್‌ಬಾಬು, ಗೌರಿಬಿದನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಿದ್ದ. ಚಿಕ್ಕವನು ಬಿ.ಕಾಂ. ಮುಗಿಸಿ ಗೌರಿಬಿದನೂರು ಪೇಟೆಯ ಒಂದು ಗೊಬ್ಬರದಂಗಡಿಯಲ್ಲಿ ಬಿಲ್ಲು ಬರೆಯುತ್ತಿದ್ದ. ಅವನಿಗೂ ಮೋಹನ್‌ಬಾಬು ಎಂಬ ಹೆಸರಿತ್ತು. ಆದರೆ ಯಾರಾದರೂ ಹೆಸರು ಕೇಳಿದರೆ ಅವನ ತುಟಿಗಳು ಅಂಟಿಕೊಂಡುಬಿಡುತ್ತಿದ್ದವು. ‘ಮ’ ಎನ್ನುವ ಅಕ್ಷರ ಹೊರಬರುವಷ್ಟರಲ್ಲಿ ಕೇಳಿದವರು ಬೇರೆ ಕಡೆ ನೋಡುತ್ತಿದ್ದರು.

ಉಗ್ಗು ಅವನಿಗೆ ನಾಲ್ಕನೇ ವರ್ಷದಿಂದ. ಮನೆಯಲ್ಲಿ ಅದಕ್ಕಾಗಿ ಅವನನ್ನು ಯಾರೂ ಹೊಡೆಯಲಿಲ್ಲ. ಅವನ ಮಾತನ್ನು ತಾವೇ ಮುಗಿಸುತ್ತಿದ್ದರು, ಅಷ್ಟೇ. ಅವನು “ನ... ನಂಗೆ” ಎಂದರೆ ಅಣ್ಣ “ಹಸಿವಾಗ್ತಿದೆ, ತಾನೆ?” ಎನ್ನುತ್ತಿದ್ದ. ಅವನು ಹೇಳಬೇಕೆಂದಿದ್ದು ಜ್ವರ ಬಂದಿದೆ ಅಂತ ಇರಬಹುದು. ಆದರೂ ತಾಯಿ ಶ್ಯಾಮಲಮ್ಮ ತಟ್ಟೆ ಇಡುತ್ತಿದ್ದಳು, ಅವನು ಉಣ್ಣುತ್ತಿದ್ದ. ನೆಂಟರು ಬಂದಾಗ ರಮೇಶ ತಮ್ಮನನ್ನು ನಡುಮನೆಗೆ ಕರೆದು, ನಿಮ್ಮ ಹೋಬಳಿ ಯಾವುದಪ್ಪ ಎಂದು ಕೇಳುವನು. ಮಂಚೇನಹಳ್ಳಿ ಎನ್ನಲು ಅವನು ಪಡುವ ಪಾಡಿಗೆ ನೆಂಟರು ನಗುವರು. ನರಸಿಂಹಪ್ಪನವರೂ ಮೀಸೆಯೊಳಗೆ ನಗುವರು.

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ ಅಂಗಡಿಯಲ್ಲಿ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಮೋಹನ್‌ಬಾಬುವಿನ ಫೋನಿನಲ್ಲಿ ಒಂದು ಜಾಹೀರಾತು ಕಂಡಿತು. ಕ್ಯಾಸಿನೋ ಡೀಲರ್, ಅಂದರೆ ಜೂಜಿನ ಮೇಜಿನಲ್ಲಿ ಎಲೆ ಹಂಚುವವನ ತರಬೇತಿ, ಹನ್ನೆರಡು ವಾರ, ಆನ್‌ಲೈನ್. ಹಸಿರು ಬಟ್ಟೆಯ ಮೇಲೆ ಎರಡು ಕೈಗಳು ಇಸ್ಪೀಟೆಲೆಗಳನ್ನು ನೀರು ಹರಿಸಿದಂತೆ ಹರಿಸುತ್ತಿದ್ದವು. ಆ ಕೈಗಳ ಮಾಲೀಕನ ಮುಖ ಚಿತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನು ಅವನು ಊಟ ಬಿಟ್ಟು ಏಳೆಂಟು ಸಲ ನೋಡಿದ. ಸಂಬಳದಲ್ಲಿ ಉಳಿಸಿದ್ದರಿಂದ ಶುಲ್ಕ ಕಟ್ಟಿದ. ವಾರದೊಳಗೆ ಕೊರಿಯರ್‌ನಲ್ಲಿ ಎರಡು ಕಟ್ಟು ಎಲೆ, ದುಡ್ಡಿನ ಬದಲು ಪಣಕ್ಕಿಡುವ ಪ್ಲಾಸ್ಟಿಕ್ ಬಿಲ್ಲೆಗಳ ಒಂದು ಡಬ್ಬಿ, ಒಂದು ಹಸಿರು ಬಟ್ಟೆ ಬಂದವು.

ಕಲಿಸುತ್ತಿದ್ದವರು ಮುರಳಿಮೋಹನ್. ಮೂಲ ಶಿಡ್ಲಘಟ್ಟದವರು, ಗೋವಾ, ಕಠ್ಮಂಡು ಎಂದು ಇಪ್ಪತ್ತು ವರ್ಷ ಮೇಜಿನ ಹಿಂದೆ ನಿಂತು ಮಂಡಿ ಸವೆಸಿಕೊಂಡು ಈಗ ಮನೆಯಲ್ಲಿ ಕೂತು ಕಲಿಸುತ್ತಿದ್ದರು. ಸಂಜೆ ಏಳಕ್ಕೆ ತರಗತಿ. ಫೋನನ್ನು ಮೇಲಿನಿಂದ ಕೆಳಕ್ಕೆ ನೋಡುವಂತೆ ಕಟ್ಟಬೇಕು, ಬರೀ ಕೈ ಕಾಣಬೇಕು. ಹದಿನಾಲ್ಕು ಜನ ಕಲಿಯುವವರು, ಇಪ್ಪತ್ತೆಂಟು ಕೈಗಳು. ಮೊದಲ ದಿನವೇ ಮುರಳಿಮೋಹನ್ ಎರಡು ಸಂಗತಿ ಹೇಳಿದರು. ಜೂಜಿನ ಕೇಸಿರುವವರು ಈಗಲೇ ಎದ್ದುಹೋಗಬಹುದು, ಕೆಲಸಕ್ಕೆ ಸೇರುವಾಗ ಪೊಲೀಸ್ ಸರ್ಟಿಫಿಕೇಟ್ ಕೇಳುತ್ತಾರೆ, ಅದಿಲ್ಲದೆ ಯಾವ ಕ್ಯಾಸಿನೋವೂ ಒಳಗೆ ಬಿಡುವುದಿಲ್ಲ. ಎರಡನೆಯದು, ಆಟದ ನಡುವೆ ಭೂಮಿ ನಡುಗಿದರೂ ಡೀಲರ್ ಆದವನು ಮೇಜಿನ ಮೇಲಿನ ದುಡ್ಡು ಒಪ್ಪಿಸದೆ ಜಾಗ ಬಿಡಕೂಡದು.

ಎಲೆ ಕಲೆಸುವುದು, ಒಂದೊಂದೇ ಎಲೆಯನ್ನು ಗೀಟಿನ ಮೇಲೆ ಕೂರಿಸುವುದು, ಬಿಲ್ಲೆಗಳನ್ನು ಬೆರಳಿನ ಅಂದಾಜಿನಲ್ಲೇ ನಾಲ್ಕು ನಾಲ್ಕಾಗಿ ಬೇರ್ಪಡಿಸಿ ನಿಲ್ಲಿಸುವುದು. ಒಂದು ತಿಂಗಳಲ್ಲಿ ಮೋಹನ್‌ಬಾಬು ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದ. ಅವನ ಕೈ ಉಗ್ಗುತ್ತಿರಲಿಲ್ಲ.

ಐದನೇ ವಾರ ಬಾಯಿಯ ಸರದಿ ಬಂತು. ಡೀಲರ್ ಆಟಗಾರರಿಗೆ ಕೂಗಿ ಹೇಳಬೇಕಾದ ಇಂಗ್ಲಿಷ್ ಮಾತುಗಳು ಇದ್ದವು. ಆ ದಿನ ಅವನು ಹೊಟ್ಟೆನೋವೆಂದು ಸಂದೇಶ ಕಳಿಸಿ ತರಗತಿ ತಪ್ಪಿಸಿದ. ಮುರಳಿಮೋಹನ್ ಮಾರನೆಯ ದಿನ ತಾವೇ ಫೋನ್ ಮಾಡಿದರು. ಅವನು “ಹಲೋ” ಎನ್ನಲು ತೆಗೆದುಕೊಂಡ ಹೊತ್ತಿನಲ್ಲೇ ಅವರಿಗೆ ಎಲ್ಲ ತಿಳಿಯಿತು. ಅವರು ಮಾತು ಮುಗಿಸಿಕೊಡಲಿಲ್ಲ, ಕಾದರು. ಕೊನೆಗೆ, ಅದನ್ನು ಮಾತು ಅಂತ ಆಡಬೇಡಿ, ಬೆರಳ ಗೆಣ್ಣಿನಿಂದ ಮೇಜು ತಟ್ಟಿ ತಾಳಕ್ಕೆ ಹೇಳಿ ಎಂದರು. ಅವನು ತಟ್ಟಿದ. “ಪ್ಲೇಸ್ ಯುವರ್ ಬೆಟ್ಸ್. ನೋ ಮೋರ್ ಬೆಟ್ಸ್.” ಪಣ ಹೂಡಿ, ಇನ್ನು ಹೂಡಬೇಡಿ ಎನ್ನುವ ಆ ಎರಡೂ ಮಾತು ಇಡಿಯಾಗಿ, ಎಲ್ಲಿಯೂ ಒಡೆಯದೆ ಬಂದವು. ಆ ಸಂಜೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕತ್ತಲಾಗುವವರೆಗೂ ಓಡಾಡಿಕೊಂಡು ಅದನ್ನೇ ಹೇಳಿಕೊಂಡ.

ಹನ್ನೊಂದನೇ ವಾರದಲ್ಲಿ ಗೋವಾದ ಒಂದು ಕ್ಯಾಸಿನೋದವರು ವಿಡಿಯೋದಲ್ಲಿ ಪರೀಕ್ಷೆ ತೆಗೆದುಕೊಂಡರು. ಮಾತಿನ ಪ್ರಶ್ನೆ ಎರಡೇ. ಅವನು ಮೊದಲೇ ತನ್ನ ಉಗ್ಗಿನ ವಿಷಯ ಬರೆದು ಕಳಿಸಿದ್ದ. ಅವರು ಕೈ ನೋಡಿ, ಕೂಗು ಕೇಳಿ, ಪತ್ರ ಕಳಿಸುತ್ತೇವೆ ಎಂದರು.

ಮನೆಯಲ್ಲಿ ಹೇಳಲು ಹೊರಟಾಗ ಎಂದಿನಂತೆ ಅಣ್ಣನೇ ಮುಗಿಸಿದ. ಗೋವಾಕ್ಕೆ ಹೋಗ್ತಾನಂತೆ, ಕುಡುಕರಿಗೆ ಇಸ್ಪೀಟು ಹಂಚೋಕೆ ಎಂದ. ನರಸಿಂಹಪ್ಪನವರು ತಟ್ಟೆಯಲ್ಲೇ ಕೈತೊಳೆದು ಎದ್ದರು.

ಹಾಗಿದ್ದ ಅಣ್ಣ ಯುಗಾದಿಯ ದಿನ ಹೋಳಿಗೆ ತಿನ್ನುತ್ತಾ ತಮ್ಮನ ಹೆಗಲ ಮೇಲೆ ಕೈಹಾಕಿದ. ಮಾರನೆಯ ದಿನ ವರ್ಷತೊಡಕು. ಆ ಸೀಮೆಯಲ್ಲಿ ಅಂದು ಬಾಡೂಟ, ಇಸ್ಪೀಟು ಎರಡೂ ಇರಲೇಬೇಕು. ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಿಯಾಗಿತ್ತು, ಹುಳು ಸಾಕುವ ತೋಟದ ಹುಳುಮನೆ ಖಾಲಿ ಬಿದ್ದಿತ್ತು. ಸ್ನೇಹಿತರು ಬರ್ತಾರೆ, ನೀನು ಕಲ್ತಿದ್ದೀಯಲ್ಲ, ಒಂದಿಷ್ಟು ಹೊತ್ತು ಎಲೆ ಹಾಕೋ ಎಂದ ರಮೇಶ. ಅಣ್ಣ ತನ್ನಿಂದ ಏನಾದರೂ ಕೇಳಿದ್ದು ಅದೇ ಮೊದಲು. ಮೋಹನ್‌ಬಾಬು ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟುಕೊಂಡ.

ಹುಳುಮನೆಯಲ್ಲಿ ಇಪ್ಪತ್ತು ಜನ ಸೇರಿದರು. ಹಳೆಯ ಬಾಗಿಲೊಂದನ್ನು ಇಟ್ಟಿಗೆಗಳ ಮೇಲಿಟ್ಟು ಹಸಿರು ಬಟ್ಟೆ ಹಾಸಿದ್ದಾಯಿತು. ಆಟ ಅಂದರ್-ಬಾಹರ್. ಮೊದಲೆರಡು ಸುತ್ತು ಜನ ಕಿಸಕಿಸ ನಕ್ಕರು. ಮೂರನೆಯದರಲ್ಲಿ ರಮೇಶನ ಗೆಳೆಯ, ಕಂಟ್ರಾಕ್ಟರ್ ಕೋನಪ್ಪ, ಎಲೆ ಬೀಳಲು ತೊಡಗಿದ ಮೇಲೆ ನೋಟೊಂದನ್ನು ಮುಂದೆ ತಳ್ಳಿದ. ಮೋಹನ್‌ಬಾಬು ಗೆಣ್ಣಿನಿಂದ ತಟ್ಟಿ “ನೋ ಮೋರ್ ಬೆಟ್ಸ್” ಎಂದು ಆ ನೋಟನ್ನು ಎರಡು ಬೆರಳಲ್ಲಿ ಹಿಂದಕ್ಕೆ ಸರಿಸಿದ. ಕೋನಪ್ಪ ಬೈಯಬೇಕೆಂದವನು ಅವನ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ಅಲ್ಲಿಂದ ಮುಂದೆ ಯಾರೂ ನಗಲಿಲ್ಲ. ಅವನು ಕೂಗಿದಾಗ ಹಾಕುತ್ತಿದ್ದರು, ಕೂಗಿದಾಗ ನಿಲ್ಲಿಸುತ್ತಿದ್ದರು. ರಮೇಶ ಯಾರಿಗೋ “ನಮ್ ತಮ್ಮ ಕಣ್ರೀ” ಎಂದದ್ದು ಅವನ ಕಿವಿಗೆ ಬಿತ್ತು. ಒಂದೂವರೆ ಗಂಟೆ ಹಾಗೆ ನಡೆಯಿತು. ಅವನ ಬದುಕಿನಲ್ಲಿ ಅಷ್ಟು ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ.

ಕೋನಪ್ಪ ಸಾಲಾಗಿ ಸೋತು, ಅಣ್ಣತಮ್ಮ ಸೇರಿಕೊಂಡು ಮೋಸ ಮಾಡ್ತೀರ ಎಂದು ಕಿರುಚಿ ಬೈಕು ಹತ್ತಿ ಹೋದ. ಮುಕ್ಕಾಲು ಗಂಟೆಯೊಳಗೆ ಪೊಲೀಸ್ ಜೀಪು ಬಂತು.

ಜನ ಹಿಂಬಾಗಿಲಿನಿಂದ ತೋಟಕ್ಕೆ ನುಗ್ಗಿದರು. ಎಲ್ಲರಿಗಿಂತ ಮೊದಲು ಹಾರಿದವನು ರಮೇಶ. ಮೋಹನ್‌ಬಾಬುವಿನ ಮುಂದೆ ಹತ್ತಾರು ಜನರ ದುಡ್ಡು ಹರಡಿತ್ತು. ಅವನು ಜಾಗ ಬಿಡಲಿಲ್ಲ. ಪೊಲೀಸರು ಒಳಗೆ ಬಂದಾಗ ನೋಟುಗಳನ್ನು ಒಪ್ಪವಾಗಿ ಬೇರೆ ಬೇರೆ ಜೋಡಿಸುತ್ತಿದ್ದ. ಅವನ ಜೊತೆ ಸಿಕ್ಕವರು ಓಡಲಾರದ ಇಬ್ಬರು ಮುದುಕರು ಮಾತ್ರ.

ಠಾಣೆಯಲ್ಲಿ ಸಬ್‌ಇನ್ಸ್‌ಪೆಕ್ಟರ್ ಕೇಳಿದ್ದು ಒಂದೇ ಪ್ರಶ್ನೆ. ಆಟ ಆಡಿಸಿದ್ದು ಮೇಷ್ಟ್ರು ಅಂತ ದೂರು ಬಂದಿದೆ, ನಿಜ ಏನು? ಮೋಹನ್‌ಬಾಬು ಬಾಯಿ ತೆರೆದ. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ನೋಡಲಾಗದೆ ಅವರು, ನಾಳೆ ಮನೆಯವರ ಜೊತೆ ಬಂದು ಹೇಳಿಕೆ ಕೊಡಿ ಎಂದು ಸಂಜೆಗೆ ಕಳಿಸಿದರು.

ಮನೆಯಲ್ಲಿ ರಮೇಶ ಸ್ನಾನ ಮಾಡಿ ಬೇರೆ ಬಟ್ಟೆ ಹಾಕಿಕೊಂಡು ಕೂತಿದ್ದ. ನರಸಿಂಹಪ್ಪನವರು ಕುರ್ಚಿಯಿಂದ ಏಳದೆ ಮಾತಿಗೆ ತೊಡಗಿದರು.

“ನಿಮ್ಮಣ್ಣಂದು ಸರ್ಕಾರಿ ಕೆಲ್ಸ. ಕೇಸಾದ್ರೆ ಸಸ್ಪೆಂಡ್ ಮಾಡ್ತಾರೆ. ನೀನು ಹೆಂಗೂ ಗೊಬ್ಬರದಂಗಡೀಲಿ ಚೀಟಿ ಬರೆಯೋನು. ನಾನೇ ಆಡಿಸ್ದೆ ಅನ್ನು.”

ಮೋಹನ್‌ಬಾಬುವಿಗೆ ಹೇಳಬೇಕಾಗಿದ್ದುದು ಎರಡೇ ಪದ, ಪೊಲೀಸ್ ಸರ್ಟಿಫಿಕೇಟ್.

“ಪ... ಪ... ಪೊಲೀ...”

“ಪೊಲೀಸ್ರ ಭಯಾನ?” ರಮೇಶ ಮುಗಿಸಿದ. “ನಾನಿರ್ತೀನಲ್ಲಪ್ಪ ಜೊತೇಲಿ. ಒಂದು ಫೈನು ಅಷ್ಟೆ, ನಾನೇ ಕಟ್ತೀನಿ.”

ಮೋಹನ್‌ಬಾಬು ಅಲ್ಲವೆಂದು ತಲೆಯಾಡಿಸಿ ಫೋನು ತೆಗೆದು, ಟೈಪು ಮಾಡಿ ತಂದೆಯ ಮುಂದೆ ಹಿಡಿದ. ಕೇಸಾದರೆ ನನಗೆ ಗೋವಾದ ಕೆಲಸ ಸಿಗುವುದಿಲ್ಲ ಎಂದು ಬರೆದಿದ್ದ. ನರಸಿಂಹಪ್ಪನವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಓದಿ, ಫೋನನ್ನು ಅವನ ಕೈಗೆ ವಾಪಸು ಕೊಟ್ಟರು.

“ನಿನ್ಗೆ ಮಾತು ಬೇರೆ ಬರಲ್ಲ. ನಾಳೆ ಅವ್ರು ಕೇಳಿದ್ದಕ್ಕೆ ತಲೆ ಆಡ್ಸು, ಸಾಕು.”

ಶ್ಯಾಮಲಮ್ಮ ಅಡಿಗೆಮನೆಯಲ್ಲಿದ್ದಳು. ಪಾತ್ರೆಯ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಊಟಕ್ಕೆ ಕರೆದಳು.

ಮರುದಿನ ಠಾಣೆಯಲ್ಲಿ ರಮೇಶ ಚೀಲದಿಂದ ಒಂದು ಹಾಳೆ ತೆಗೆದು ಸಬ್‌ಇನ್ಸ್‌ಪೆಕ್ಟರ್ ಮುಂದಿಟ್ಟ. ಮುರಳಿಮೋಹನ್ ಕಳಿಸಿದ್ದ ತರಬೇತಿಯ ಪ್ರಮಾಣಪತ್ರ ಅದು. ಮೋಹನ್‌ಬಾಬು ಪೇಟೆಯಲ್ಲಿ ಪ್ರಿಂಟು ತೆಗೆಸಿ, ಮಡಿಕೆ ಬೀಳಬಾರದೆಂದು ಹಾಸಿಗೆಯ ಕೆಳಗೆ ಇಟ್ಟಿದ್ದ. “ಇದನ್ನೇ ಕಲ್ತವ್ನೆ ಸಾರ್. ಬೇಡ ಬೇಡ ಅಂತ ಎಷ್ಟು ಹೇಳಿದ್ವಿ” ಎಂದ ರಮೇಶ, ನಿಜಕ್ಕೂ ನೊಂದವನ ಹಾಗೆ. ಸಬ್‌ಇನ್ಸ್‌ಪೆಕ್ಟರ್ ಹಾಳೆ ಓದಿ ಮೋಹನ್‌ಬಾಬುವಿನ ಕಡೆ ನೋಡಿದರು. ಅವನು ತಲೆಯಾಡಿಸಿದ. ಯಾಕೆ ಆಡಿಸಿದೆ ಎಂದು ಆಮೇಲೆ ಅವನು ತನ್ನನ್ನೇ ಬಹಳ ಸಲ ಕೇಳಿಕೊಂಡ. ಇಪ್ಪತ್ತೈದು ವರ್ಷ ಬೇರೆಯವರು ಮುಗಿಸಿದ ಮಾತಿಗೆ ಹೂಂ ಎನ್ನುತ್ತ ಬಂದ ಕತ್ತು ಅದು, ತಾನಾಗಿ ಆಡಿತೋ ಏನೋ.

ಗೌರಿಬಿದನೂರಿನ ಕೋರ್ಟಿನಲ್ಲಿ ತಪ್ಪೊಪ್ಪಿಗೆ ಐದು ನಿಮಿಷದ್ದು. ಅದರಲ್ಲಿ ‘ಹೌದು’ ಎನ್ನಲು ಅವನಿಗೆ ಎರಡು ನಿಮಿಷ ಹಿಡಿಯಿತು. ರಮೇಶ ಒಳಗೆ ಬರಲಿಲ್ಲ, ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ.

ಗೋವಾದ ಪತ್ರ ಅದಾದ ಒಂಬತ್ತು ದಿನಕ್ಕೆ ಬಂತು. ಸಂಬಳ, ಇರಲು ಕೋಣೆ, ಸೇರುವ ದಿನ ಎಲ್ಲ ಇತ್ತು. ಜೊತೆಗೆ ಪೊಲೀಸ್ ಸರ್ಟಿಫಿಕೇಟ್ ಕಳಿಸಿ ಎಂದೂ ಇತ್ತು. ಮೋಹನ್‌ಬಾಬು ಅರ್ಜಿ ಹಾಕಿದ. ಸರ್ಟಿಫಿಕೇಟಿನಲ್ಲಿ ಕೇಸಿನ ನಂಬರು ಅಚ್ಚಾಗಿ ಬಂತು. ಅದನ್ನೇ ಕಳಿಸಿ, ನಡೆದದ್ದನ್ನೆಲ್ಲ ಮೂರು ಪುಟ ಬರೆದ. ಎರಡು ಸಾಲಿನ ಉತ್ತರ ಬಂತು. ತಂದೆಗೆ ತೋರಿಸಿದಾಗ, ಹೋದ್ರೆ ಹೋಗ್ಲಿ, ಅದೂ ಒಂದು ಕೆಲ್ಸಾನ ಎಂದರು. ಅಷ್ಟರಲ್ಲಿ ಯಾವುದೋ ಪತ್ರಿಕೆಯ ತಾಲ್ಲೂಕು ಪುಟದಲ್ಲಿ ಅವನ ಹೆಸರು ಬಂದಿತ್ತು. ಗೊಬ್ಬರದಂಗಡಿಯ ಮಾಲೀಕರು, ಗಲ್ಲಾಪೆಟ್ಟಿಗೆ ಇರೋ ಕಡೆ ಬೇಡಪ್ಪ ಎಂದು ಲೆಕ್ಕ ಚುಕ್ತಾ ಮಾಡಿದರು. ಆ ಜೂನ್‌ನಲ್ಲಿ ರಮೇಶ್‌ಬಾಬು ಪ್ರಭಾರ ಮುಖ್ಯೋಪಾಧ್ಯಾಯನಾದ.

ಬರೆದದ್ದರ ಪ್ರತಿಯನ್ನು ಮುರಳಿಮೋಹನ್ ಅವರಿಗೂ ಕಳಿಸಿದ್ದ, ಅವರು ಮಾತ್ರ ಮೂರು ಪುಟವನ್ನೂ ಓದಿದರು. ಒಂಬತ್ತು ಬ್ಯಾಚಿನಲ್ಲಿ ಇಂಥ ಕೈ ಬಂದಿರಲಿಲ್ಲ ಎಂದರು. ಆ ಕೈಗೆ ಈ ದೇಶದ ಯಾವ ಮೇಜೂ ಇನ್ನು ಸಿಗುವುದಿಲ್ಲ ಎಂದೂ ಮುಚ್ಚಿಡದೆ ಹೇಳಿದರು. ಕಲಿಯುವವರು ಕಳಿಸುವ ಅಭ್ಯಾಸದ ವಿಡಿಯೋ ನೋಡಿ ತಪ್ಪು ಬರೆದು ಕಳಿಸುವ ಕೆಲಸ ಕೊಟ್ಟರು.

ಅವನು ಚಿಂತಾಮಣಿಗೆ ಹೋಗಿ, ತರಕಾರಿ ಮಾರುಕಟ್ಟೆಯ ಹಿಂದೆ ಗಂಗುಲಮ್ಮನೆಂಬ ಮುದುಕಿಯ ಮಹಡಿಯ ಕೋಣೆ ಹಿಡಿದ. ಬೆಳಿಗ್ಗೆಯಿಂದ ಸಂಜೆವರೆಗೆ ಯಾರಯಾರದೋ ಕೈ ನೋಡುವುದು, ಟೈಪು ಮಾಡುವುದು. ಅವನು ನೋಡಿದ ಕೈಗಳು ಗೋವಾಕ್ಕೆ ಹೋದವು, ಕ್ಯಾಸಿನೋ ಹಡಗು ಹತ್ತಿದವು. ದಿನಗಟ್ಟಲೆ ಬಾಯಿ ತೆರೆಯದೆ ಕಳೆಯುತ್ತಿದ್ದ. ಅವನ ಕಟುವಾದ ಟಿಪ್ಪಣಿ ಓದಿ ಅತ್ತವರಿದ್ದರು. ಮುರಳಿಮೋಹನ್ ಒಂದೆರಡು ಸಲ ಎಚ್ಚರಿಸಿದರು.

ಎರಡು ವರ್ಷದ ಮೇಲೆ, ಕಾರ್ತೀಕದಲ್ಲಿ, ಶ್ಯಾಮಲಮ್ಮ ಎರಡು ಬಸ್ಸು ಬದಲಾಯಿಸಿ, ವಿಳಾಸ ಕೇಳಿಕೊಂಡು ಬಂದಳು. ಕಂಕುಳಲ್ಲಿ ಅವರೆಕಾಯಿಯ ಚೀಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ರಮೇಶ ಗೌರಿಬಿದನೂರಿನಲ್ಲಿ ಮನೆ ಕಟ್ಟಿಸಿದ್ದಾನೆ, ಭಾನುವಾರ ಗೃಹಪ್ರವೇಶ, ನೀನು ಬರದಿದ್ದರೆ ನೆಂಟರು ಏನೇನೋ ಕೇಳುತ್ತಾರೆ, ಒಂದು ಗಳಿಗೆ ಬಂದು ನಿಂತು ಹೋಗು ಎಂದಳು. ಮೋಹನ್‌ಬಾಬು ಬಾಗಿಲಿಗೆ ಅಡ್ಡ ನಿಂತಿದ್ದ. ಒಳಗೆ ಬಾ ಎನ್ನಲಿಲ್ಲ.

“ಅ... ಅವತ್ತು... ನೀ... ನೀನೆಲ್ಲಿದ್ದೆ?” ಎಂದ. ಹೇಳಿ ಮುಗಿಸಲು ಬಹಳ ಹೊತ್ತಾಯಿತು. ಅವಳು ಕಾದಳು.

“ಅಡಿಗೆಮನೇಲಿದ್ದೆ ಕಣಪ್ಪ.”

“ಕೇ... ಕೇಳಿಸ್ತಿತ್ತಾ?”

ಶ್ಯಾಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಕೇಳಿಸ್ತಿತ್ತು.”

ಅವನು ಬಾಗಿಲು ಹಾಕಿಕೊಂಡ. ಅವಳು ಇನ್ನೊಮ್ಮೆ ತಟ್ಟಲಿಲ್ಲ. ಮಾರುಕಟ್ಟೆಯಲ್ಲಿ ಖಾಲಿ ಟೊಮೆಟೊ ಕ್ರೇಟಿನ ಮೇಲೆ ಬಿಸಿಲಿಗೆ ಸೆರಗು ಹೊದ್ದು, ಬಸ್ಸಿನ ಹೊತ್ತಾಗುವವರೆಗೆ ಕೂತಿದ್ದಳು. ಮೇಲಿನ ಕಿಟಕಿಯಿಂದ ಅದು ಚೆನ್ನಾಗಿ ಕಾಣುತ್ತಿತ್ತು. ಅವಳು ಒಂದು ಸಲ ಎದ್ದು, ನಲ್ಲಿ ಹುಡುಕಿ, ಅದರಲ್ಲಿ ನೀರು ಬಾರದೆ ವಾಪಸು ಬಂದು ಕೂತದ್ದನ್ನೂ ಅವನು ನೋಡಿದ. ಆಮೇಲೆ ಮುಂದಿನ ವಿಡಿಯೋ ತೆರೆದ.

ಅವಳು ಹೊಸ್ತಿಲ ಹೊರಗೆ ಬಿಟ್ಟುಹೋದ ಅವರೆಕಾಯಿ ಸಂಜೆಯವರೆಗೂ ಅಲ್ಲೇ ಇತ್ತು. ಗಂಗುಲಮ್ಮ ಯಾರದಪ್ಪ ಇದು ಎಂದು ಕೇಳಿದಾಗ, ಅವನು ನೀವೇ ಇಟ್ಟುಕೊಳ್ಳಿ ಎಂದು ಕೈಸನ್ನೆ ಮಾಡಿದ.