ಟಿಬೆಟ್‌ಗೆ ಹಾಡು, ನಮಗೆ ಶಾಲು

ನಿನ್ನೆ ಚಳಿಗೆ ಹೊದೆಯಲು ಏನಾದರೂ ಸಿಗಲಿ ಎಂದು ಟ್ರಂಕು ತೆಗೆದೆ. ಡಾಂಬರು ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಒಳಗೆಲ್ಲ ಸನ್ಮಾನದ ಶಾಲುಗಳು. ನಾನೇನು ಸಾಧಿಸಿದ್ದೇನೆ ಎಂದು ಕೇಳಬೇಡಿ. ಶಹಾಪುರದಲ್ಲಿ ಸನ್ಮಾನ ತಪ್ಪಿಸಿಕೊಳ್ಳುವುದೇ ದೊಡ್ಡ ಸಾಧನೆ. ಪೆಂಡಾಲಿನ ನೆರಳಿಗೆ ನಿಂತವನನ್ನೂ ಎಳೆದು ಹೊದಿಸಿ ಕಳಿಸುತ್ತಾರೆ. ಅವುಗಳಲ್ಲಿ ಕಂದು ಬಣ್ಣದ್ದೊಂದು ಮಾತ್ರ ನಿಜವಾದ ಉಣ್ಣೆಯದು. ಅದು ನನಗೆ ಬಂದದ್ದು ಟಿಬೆಟ್ ಸ್ವತಂತ್ರವಾಗಲಿ ಎಂದು.

ಮೂರು ವರ್ಷದ ಹಿಂದಿನ ಮಾತು. ಬಸ್ ನಿಲ್ದಾಣದ ಹತ್ತಿರ ಚಳಿಗಾಲದಲ್ಲಿ ಸ್ವೆಟರ್ ಅಂಗಡಿ ಹಾಕುವ ಡೋಲ್ಮಾ ಮುಂಡಗೋಡದ ಟಿಬೆಟ್ ಕ್ಯಾಂಪಿನವಳು. ಒಂದು ಸಂಜೆ ನಮ್ಮ ಬುದ್ಧವಿಹಾರಕ್ಕೆ ಬಂದಳು. ಓಣಿಯ ಹೆಂಗಸರು ದಿಮ್ಮಡಿ ಬಡಿಯುತ್ತ ಬುದ್ಧನ ಪದ ಹಾಡುತ್ತಿದ್ದರು. ಅವರ ಜೊತೆ ಕೂತು ತನ್ನ ಭಾಷೆಯದೊಂದು ಹಾಡಿದಳು. ಅಷ್ಟು ಸಾಕಾಯಿತು ನಮ್ಮ ವಿಹಾರ ಸಮಿತಿಯ ಅಧ್ಯಕ್ಷರಿಗೆ. ಅಧ್ಯಕ್ಷರೆಂದರೆ, ಸಮಿತಿಯಲ್ಲಿ ಯಾರೂ ಬೇಡವೆಂದಾಗ ತಮ್ಮ ಹೆಸರನ್ನು ತಾವೇ ಸೂಚಿಸಿಕೊಂಡವರು.

"ಟಿಬೆಟ್ ಸ್ವಾತಂತ್ರ್ಯಕ್ಕ ಬುದ್ಧಗಾನ! ದೊಡ್ಡ ಕಾರ್ಯಕ್ರಮ ಮಾಡೂಣ್ರಿ" ಎಂದರು.

ಡೋಲ್ಮಾ ಹಿಗ್ಗಿದಳು. ಅವಳ ತಾಯಿ ಹುಡುಗಿಯಾಗಿದ್ದಾಗ ಬೆಟ್ಟ ದಾಟಿ ಬಂದವಳು, ಮತ್ತೆ ತನ್ನ ಊರು ನೋಡಲಿಲ್ಲ. ಆಗಲೇ ಕ್ಯಾಂಪಿನಲ್ಲಿ ಹಾಸಿಗೆ ಹಿಡಿದಿದ್ದಳು. ಕನ್ನಡ ಬರುವುದಿಲ್ಲ. "ಅವ್ವ ಫೋನಿನ್ಯಾಗ ಕೇಳ್ತಾಳ ಅಣ್ಣಾ. ಆಕಿ ಕಲಿಸಿದ ಹಾಡು ಇಷ್ಟು ಮಂದಿ ಮುಂದ ಹಾಡೂದು ಆಕಿಗಿ ಕೇಳಸ್ಬೇಕು" ಎಂದಳು.

ಬ್ಯಾನರ್ ಬಂತು. ಅದರಲ್ಲಿ ತಾಲೂಕಿನ ಮುಖಂಡರೆಲ್ಲ ಕೈಮುಗಿದು ನಿಂತಿದ್ದರು. ಬುದ್ಧನಿಗೂ ಒಂದು ಮೂಲೆ ಬಿಟ್ಟಿದ್ದರು. ಸನ್ಮಾನದ ಶಾಲುಗಳನ್ನು ಡೋಲ್ಮಾಳ ಅಂಗಡಿಯಿಂದಲೇ ತಂದೆವು. ಸಭಾಭವನ ಸಂಜೆಯತನಕ ನಮ್ಮದು, ಆಮೇಲೆ ಮದುವೆಯವರದು.

ಮೊದಲು ಸನ್ಮಾನ, ಆಮೇಲೆ ಭಾಷಣ, ಹೊತ್ತು ಉಳಿದರೆ ಹಾಡು. ನಮ್ಮ ಕಡೆಯ ಸಂಗೀತ ಕಾರ್ಯಕ್ರಮದ ಕ್ರಮವೇ ಇದು. ನನಗೊಂದು ಕಂದು ಶಾಲು ಬಿತ್ತು; ಡೋಲ್ಮಾಳಿಗೂ ಅವಳ ಅಂಗಡಿಯ ಶಾಲನ್ನೇ ಹೊದಿಸಿದರು. ಪಾಪ, ಅಂಗಡಿಯ ರೂಢಿಯಂತೆ ಅದರ ಅಂಚನ್ನು ಬೆರಳಲ್ಲಿ ಉಜ್ಜಿ ತೋರಿಸಹೊರಟು ಕೈ ಹಿಂದೆ ತೆಗೆದುಕೊಂಡಳು. ಮಡಿಲಲ್ಲಿ ಫೋನು. ಆ ತುದಿಯಲ್ಲಿ ತಾಯಿ.

ಸುರಪುರದ ಅತಿಥಿಗಳು ತಮ್ಮ ಹೋರಾಟದ ಬದುಕನ್ನು ಬಾಲ್ಯದಿಂದ ಹೇಳತೊಡಗಿ, ಯೌವನಕ್ಕೆ ಬರುವಷ್ಟರಲ್ಲಿ ಸಭೆಗೆ ಮುಪ್ಪು ಬಂದಿತ್ತು. ಗೋಗಿ ಹಳ್ಳಿಯ ಮುಖಂಡರು, "ಟಿಬೆಟ್ ಸ್ವತಂತ್ರ ಆಗ್ಲೇಬೇಕ್ರಿ. ಅದಕ್ಕೂ ಮೊದ್ಲ ನಮ್ಮೂರ ರಸ್ತಾ ಆಗ್ಬೇಕ್ರಿ" ಎಂದು ಚಪ್ಪಾಳೆ ಗಿಟ್ಟಿಸಿದರು. ಇನ್ನೊಬ್ಬರು ನಾರಾಯಣಪುರದ ಕಾಲುವೆ ನೀರನ್ನು ಟಿಬೆಟ್ ಮೇಲಿಂದ ಹಾಯಿಸಿ ತಮ್ಮ ಹೊಲಕ್ಕೆ ತಂದರು. ನಮ್ಮೂರ ಬೆಟ್ಟದಲ್ಲಿ ಬುದ್ಧ ಮಲಗಿದಂತೆ ಕಾಣುತ್ತಾನಲ್ಲ, ಇಷ್ಟು ಮೈಕು ಹಚ್ಚಿದರೂ ಆತ ಏಳಲಿಲ್ಲವೆಂದರೆ ಅವನ ಶಾಂತಿ ಸಾಮಾನ್ಯವಲ್ಲ.

"ಅಣ್ಣಾ, ಅವ್ವ ಕಾಯಾಕತ್ತಾಳ" ಎಂದು ಡೋಲ್ಮಾ ನನ್ನ ಕಡೆ ನೋಡಿದಳು. ನಾನು ಚೀಟಿ ಕಳಿಸಿದೆ. ಅಧ್ಯಕ್ಷರು ಅದನ್ನು ಓದಿ, ಮಡಚಿ, ಇನ್ನೊಬ್ಬರನ್ನು ಮಾತಿಗೆ ಕರೆದರು.

ಕೊನೆಗೆ, "ಸಮಯದ ಅಭಾವದಿಂದ ಗಾಯನ ಇರೂದಿಲ್ರಿ. ಎಲ್ಲಾರೂ ಊಟಾ ಮಾಡ್ಕೊಂಡು ಹೋಗ್ರಿ" ಎಂದರು. ಮೈಕು ಕಿತ್ತರು. ಮದುವೆಯವರ ಕುರ್ಚಿಗಳು ಒಳಗೆ ಬಂದವು.

ಡೋಲ್ಮಾ ಫೋನು ಹಿಡಿದು ಹೊರಗೆ ನಡೆದಳು. ಓಣಿಯ ಹೆಂಗಸರು ಊಟದ ಸಾಲು ಬಿಟ್ಟು ಅವಳ ಹಿಂದೆ ಹೋದರು. ಮೆಟ್ಟಿಲ ಮೇಲೆ ಕೂತು ಹಾಡಿದಳು; ಅವರು ಮೆಲ್ಲಗೆ ದಿಮ್ಮಡಿ ಬಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೂ ಶಾಲಿನಿಂದ ಕಣ್ಣೊರೆಸಿಕೊಂಡೆ.

"ಅವ್ವ ಏನಂದ್ಲು?" ಎಂದೆ.

"ಹಾಡು ಚಲೋ ಆತು ಅಂದ್ಲು. ಆದ್ರ ಅದಕ್ಕೂ ಮೊದ್ಲ ಅತ್ತಾಳಂತ ಅಣ್ಣಾ. ಭಾಷಣದ ನಡುನಡುವ 'ಟಿಬೆಟ್, ಟಿಬೆಟ್' ಅಂದಿದ್ದು ಕೇಳ್ಯಾಳ. 'ನಮ್ಮ ಸಲುವಾಗಿ ಆ ಊರಾಗ ಅಷ್ಟು ಮಂದಿ, ಅಷ್ಟೊತ್ತು ಮಾತಾಡಿದ್ರಲ್ಲ' ಅಂದ್ಲು."

"ನೀ ಏನಂದಿ?"

"ಹೂಂ ಅಂದೆ."

ಮೊನ್ನೆ ಅಧ್ಯಕ್ಷರ ಫೋನು. ಮತ್ತೆ ಬುದ್ಧಗಾನವಂತೆ. "ಈ ಸಲ ಸ್ವಾಗತ ಭಾಷಣ ನಿಮ್ದೇ ನೋಡ್ರಿ" ಎಂದರು. ಹಾಡು ಮೊದಲು ಇಟ್ಟರೆ ಮಾತ್ರ ಎಂದು ಹಟ ಹಿಡಿದು ಒಪ್ಪಿಸಿದೆ. ಈಗ ಪೆನ್ನು ಹಿಡಿದು ಕೂತರೆ, ಟಿಬೆಟ್ ಬಗ್ಗೆ ನನಗೆ ಗೊತ್ತಿರುವುದು ಸ್ವೆಟರ್ ದಾಟಿ ಮುಂದೆ ಹೋಗುತ್ತಿಲ್ಲ. ಸಂಜೆ ಡೋಲ್ಮಾಳ ಅಂಗಡಿಗೆ ಹೋಗಿ ಕೇಳಿಕೊಂಡು ಬರಬೇಕು. ಮುದುಕಿ ಇನ್ನೂ ಇದ್ದಾಳೆ. ಹಾಡು ಮುಗಿದರೂ ಫೋನು ಇಡುವುದಿಲ್ಲವಂತೆ, ಭಾಷಣವನ್ನೂ ಕೇಳುತ್ತಾಳಂತೆ.